ಕತ್ತಿಮಾವ ತೊಳೆದ ಗುಂಡಿಗೆಗಳು

ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಒಂದೇ ಸ್ಟೂಲನ್ನು ಸವೆಸಿದ ಮನುಷ್ಯನಿಗೆ ಎಲ್ಲರೂ ಕತ್ತಿಮಾವ ಎನ್ನುತ್ತಿದ್ದರು. ಇಲಿಯ ಅಂಗಗಳನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಮಷೀನಿನಲ್ಲಿ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸುವುದು ಅವನ ಕಸುಬು. ಓದಿದ್ದು ಏಳನೇ ಕ್ಲಾಸು. ಆದರೆ ಡಾಕ್ಟರೇಟಿಗೆ ಬಂದವರೆಲ್ಲ ಅವನ ಮುಂದೆ ಕೈಕಟ್ಟಿ ನಿಂತೇ ಮುಂದೆ ಹೋದವರು. ಕೊಯ್ತ ಕೆಟ್ಟರೆ ಥೀಸಿಸ್ಸೂ ಕೆಟ್ಟಂತೆ. ಆ ಗತ್ತು ಅವನ ನಡಿಗೆಯಲ್ಲೇ ಇತ್ತು.

ಹೊಸದಾಗಿ ಬಂದ ಮುಖ್ಯಸ್ಥೆಗೂ ಅವನಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ. ಒಂದು ಬೆಳಿಗ್ಗೆ ಆಕೆ ಅವನನ್ನು ಮೈಕ್ರೋಸ್ಕೋಪಿನ ಮುಂದೆ ಕರೆದಳು.

"ಇದೇನು ಮಾವ, ಹೃದಯಾನೋ, ಒಲೆ ಮಸೀನೋ?"

ಅವನು ಕಣ್ಣಿಟ್ಟ. ಕಪ್ಪಿಲಿಯ ಗುಂಡಿಗೆ. ಕವಾಟದ ಎಸಳಿನ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು. ಅವನು ತಿರುಪನ್ನು ಮತ್ತೊಮ್ಮೆ ತಿರುಗಿಸಿ ನೋಡಿದ.

"ಚರ್ಮಕ್ಕೆ ಕಪ್ಪು ಕೊಡೋ ಬಣ್ಣದ ಕೋಶ ಹೃದಯದಲ್ಲೂ ಇದೆ ಅಂತ ಖುಷಿಪಡೋಣ ಅಂದ್ರೆ, ನೀವೇ ಕೊಯ್ದ ಮುನ್ನೂರು ಹಳೇ ಹೃದಯಗಳಲ್ಲಿ ಒಂದರಲ್ಲೂ ಇಲ್ಲ. ಅಂದ್ರೆ ಇದು ಕಸ. ಚರ್ಮ ಕೊಯ್ದ ಅಲಗನ್ನ ಒರೆಸದೇ ಇದನ್ನ ಕೊಯ್ದಿದೀರಿ. ಎರಡು ವಾರ ಟೈಮು. ಸುಳ್ಳು ಅಂತ ತೋರಿಸಿ, ಇಲ್ಲಾ ಬಾಟ್ಲಿ ತೊಳೆಯೋಕೆ ಹೋಗಿ."

"ನನ್ನ ಅಲಗಿನ ಮೇಲೆ ನೊಣ ಕೂತ್ರೂ ಜಾರಿಬೀಳುತ್ತೆ ಮೇಡಂ."

"ನೊಣದ ಕಥೆ ಬೇಡ."

ಹಳೆಯ ಗುಂಡಿಗೆಗಳು ಯಾಕೆ ಅಷ್ಟು ಬೆಳ್ಳಗಿದ್ದವೆಂದು ಊರಲ್ಲೆಲ್ಲ ಗೊತ್ತಿದ್ದುದು ಒಬ್ಬನಿಗೇ, ಅವನೇ ಕತ್ತಿಮಾವ. ಹಿಂದಿನ ಮುಖ್ಯಸ್ಥರು ಒಮ್ಮೆ, "ಚುಕ್ಕೆ ಇರೋ ಸ್ಲೈಡು ನನ್ನ ಕಣ್ಣಿಗೆ ಬೀಳಬಾರದು" ಎಂದು ಎಲ್ಲರೆದುರು ಉಗಿದಿದ್ದರು. ಅಂದಿನಿಂದ ಅವನು ಗುಂಡಿಗೆ ಕೊಯ್ದಾಗಲೆಲ್ಲ ಪೆರಾಕ್ಸೈಡಿನಲ್ಲಿ ಅದ್ದಿ ಚುಕ್ಕೆಗಳನ್ನು ಬಿಳುಚಿಸಿಬಿಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಈ ಸಲ ಸೀಸೆ ಖಾಲಿಯಾಗಿತ್ತು, ಅಷ್ಟೇ.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಲೇ ಕುಟುಕಿದಳು.

"ಇಷ್ಟು ವರ್ಷ ಸತ್ತ ಇಲಿ ಕೊಯ್ದೆ, ಇನ್ನು ಬಾಟ್ಲಿ ತೊಳೀ. ಅಪ್ಪನ ಹೆಸರು ಉಳಿಸಿದೆ ಬಿಡಪ್ಪಾ."

"ನಿನ್ನ ನಾಲಿಗೇನ ಮೇಣದಲ್ಲಿ ಹುದುಗಿಸಿದ್ರೆ ನನ್ನ ಮಷೀನೇ ಮುರೀತಿತ್ತು ಕಣಕ್ಕಾ."

"ಮುರೀಲಿ. ತಪ್ಪು ನಿಂದೋ ಅವಳದ್ದೋ, ಅದನ್ನ ಹೇಳು."

ಅವನು ಎದ್ದು ಅಂಗಳಕ್ಕೆ ನಡೆದ. ಚುಕ್ಕೆ ಕಸ ಎಂದು ಒಪ್ಪಿದರೆ ಸ್ಟೂಲು ಹೋಗುತ್ತದೆ. ಕೋಶ ಎಂದು ಸಾಧಿಸಿದರೆ ಮುನ್ನೂರು ಗುಂಡಿಗೆಗಳ ಪಾಪ ತಲೆಗೆ ಬರುತ್ತದೆ. ಅತ್ತ ದರಿ, ಇತ್ತ ಪುಲಿ.

ಹಟ ಗೆದ್ದಿತು. ಪ್ರಾಣಿಮನೆಯಲ್ಲಿ ಒಂದು ವಿಶೇಷ ತಳಿಯ ಇಲಿಗಳಿದ್ದವು. ಅವುಗಳ ಮೈಯಲ್ಲಿ ಮುಂದೆ ಬಣ್ಣ ಕಟ್ಟಬೇಕಾದ ಕೋಶಗಳು, ಇನ್ನೂ ಬಣ್ಣವೇ ಇಲ್ಲದಾಗಲೂ, ಔಷಧ ಹಾಕಿದರೆ ನೀಲಿಯಾಗುತ್ತಿದ್ದವು. ಅವುಗಳ ಗರ್ಭದ ಮರಿಗಳನ್ನು ಬಸಿರಿನ ದಿನಕ್ಕೊಂದರಂತೆ ಹುದುಗಿಸಿ, ಒಂದು ಕೊಯ್ತವೂ ತಪ್ಪದಂತೆ ಸಾಲಾಗಿ ಅಂಟಿಸಿದ. ಎರಡು ವಾರಕ್ಕೆ ತಟ್ಟೆಗಳನ್ನು ಹೊತ್ತು ಆಕೆಯ ಮೇಜಿನ ಮೇಲೆ ಕುಕ್ಕಿದ.

"ಮೊದಲು ದೊಡ್ಡ ಇಲಿ ನೋಡಿ. ಕಸವಾದ್ರೆ ಒಂದು ಕೊಯ್ತದ ಮೇಲೆ ಕೂರುತ್ತೆ. ಈ ಚುಕ್ಕೆ ಮೂರು ಕೊಯ್ತದಲ್ಲಿ ಒಂದೇ ಜಾಗದಲ್ಲಿದೆ. ಅದೇ ಅಲಗಲ್ಲಿ ಬಿಳಿ ಇಲೀನೂ ಕೊಯ್ದೆ. ಒಂದು ಚುಕ್ಕೆ ಇಲ್ಲ."

"ಇರಲಿ. ಚರ್ಮದಿಂದ ಒಳಗೆ ನುಸುಳಿರಬಹುದು."

"ಮರಿಗಳನ್ನ ನೋಡಿ ಆಮೇಲೆ ಮಾತಾಡಿ. ಬಸಿರಿನ ಹನ್ನೊಂದನೇ ದಿನ ನೀಲಿ ಎಲ್ಲಿದೆ? ಬೆನ್ನಿನ ನರದ ಕೊಳವೆ ಪಕ್ಕದಲ್ಲಿ. ಆ ಕೊಳವೆ ಮುಚ್ಚೋವಾಗ ಅಂಚಿಂದ ಕಳಚಿಕೊಂಡ ಕೋಶಗಳು ಇವು. ಆಮೇಲಿನ ದಿನ ಕೆಲವು ಚರ್ಮದ ಅಡಿ ಹೊರಟಿವೆ, ಕೆಲವು ನರದ ಎಳೆ ಹಿಡಿದು ಕೆಳಗಿಳಿದಿವೆ. ಇಲ್ಲಿ ಒಳಕಿವಿ. ಇಲ್ಲಿ ಗುಂಡಿಗೆ ಬಾಯಿ. ಚರ್ಮದ್ದು ಚರ್ಮದಲ್ಲಿ ಕೂರೋ ಮೊದಲೇ ಇವು ಬೇರೆ ದಾರಿ ಹಿಡಿದಿವೆ."

ಆಕೆ ಒಂದು ಗಂಟೆ ತಲೆ ಎತ್ತಲಿಲ್ಲ. ಎತ್ತಿದಾಗ ಮುಖದಲ್ಲಿ ನಗು ಇರಲಿಲ್ಲ.

"ಸರಿ, ಕೋಶಗಳೇ. ಹಾಗಾದ್ರೆ ಆ ಮುನ್ನೂರು?"

"ನಾನೇ ತೊಳೆದೆ. ಪೆರಾಕ್ಸೈಡಲ್ಲಿ."

"ಏನಂದ್ರಿ?"

"ಕಿವಿ ಸರಿಯಾಗಿದೆ ತಾನೇ ನಿಮಗೆ? ಕೊಳೆ ಅಂದ್ಕೊಂಡೆ, ತೊಳೆದೆ."

"ಅದನ್ನ ನಂಬಿ ಇಬ್ಬರು ಹುಡುಗಿಯರು ಹೃದಯದಲ್ಲಿ ಬಣ್ಣದ ಕೋಶ ಇಲ್ಲವೇ ಇಲ್ಲ ಅಂತ ಬರೆದು ಪಾಸಾಗಿದಾರೆ! ನಿಮ್ಮ ಮರ್ಯಾದೆಗೆ ಅವರ ದುಡಿಮೆ ಬಲಿ!"

ಅವನಿಗೆ ಆ ಮಾತು ನಾಟಿತು. ಆದರೆ ಬೆನ್ನು ಬಾಗಲಿಲ್ಲ. "ಬಾಟ್ಲಿ ಎಲ್ಲಿವೆ ಹೇಳಿ, ಹೋಗ್ತೀನಿ."

"ಅಷ್ಟು ಸುಲಭಕ್ಕೆ ಬಿಡಲ್ಲ. ಈ ಕೊಯ್ತ ಬೇರೆ ಯಾರ ಕೈಗೂ ಬರಲ್ಲ, ಅದಕ್ಕೆ ಸ್ಟೂಲು ನಿಮ್ಮದೇ. ಆದ್ರೆ ಕ್ಷಮಿಸಿದೀನಿ ಅಂದ್ಕೋಬೇಡಿ."

"ನಿಮ್ಮ ಕ್ಷಮೆ ಕೇಳಿದವರು ಯಾರು?"

"ಒಳ್ಳೇದಾಯ್ತು. ಮುನ್ನೂರು ಸ್ಲೈಡಿನ ಚೀಟಿ ಮೇಲೂ 'ಬಣ್ಣ ತೊಳೆದದ್ದು' ಅಂತ ಬರೆದು, ನಿಮ್ಮ ಸಹಿ ಹಾಕಿ. ಇಲ್ಲೇ, ಎಲ್ಲರ ಕಣ್ಣೆದುರು. ಆ ಹುಡುಗಿಯರಿಗೆ ಕಾಗದ ನಾನು ಬರೀತೀನಿ."

ಕತ್ತಿಮಾವ ಪೆಟ್ಟಿಗೆ ಎಳೆದುಕೊಂಡು ಕೂತ. ಹೋಗಿಬರುವ ವಿದ್ಯಾರ್ಥಿಗಳು ಇಣುಕಿದರು. ಒಬ್ಬ ಕಿಸಕ್ಕೆಂದ, ಮಾವ ದುರುಗುಟ್ಟಿ ನೋಡಿದ್ದಕ್ಕೆ ಬಾಯಿಮುಚ್ಚಿ ಸರಿದ. ಮೊದಲ ಚೀಟಿಗೆ ಪೆನ್ಸಿಲು ಒತ್ತಿ, ಹಲ್ಲು ಕಚ್ಚಿ, ಸಹಿ ಹಾಕಿದ. ಹಿಂದೆ ನಿಂತಿದ್ದ ಮುಖ್ಯಸ್ಥೆ ಬಗ್ಗಿ ನೋಡಿದಳು.

"ಅಕ್ಷರ ಇನ್ನೂ ದಪ್ಪ ಬರಲಿ. ದೂರದಿಂದ ಕಾಣಬೇಕು."