ಮೂಗು ನೆಕ್ಕುವ ನಾಯಿಗೆ ಹಸಿವಿರಲಿಲ್ಲ

ಹೆಬ್ಬಗೋಡಿಯ ವಠಾರದಲ್ಲಿ ಬಾಡಿಗೆಗಿದ್ದ ಕಾಲದಲ್ಲಿ ನನ್ನ ಎದುರು ಕೂತು ದಿನಾ ಊಟ ಮಾಡುತ್ತಿದ್ದುದು ಒಂದು ನಾಯಿ. ಗಂಡ ಇರಲಿಲ್ಲವೇ ಅಂತ ಕೇಳಬೇಡಿ, ಇದ್ದರು. ಆದರೆ ನನ್ನದು ಫಸ್ಟ್ ಶಿಫ್ಟ್, ಅವರದ್ದು ಸೆಕೆಂಡ್. ಬೆಳಗಿನ ಜಾವ ಎದ್ದು, ತಿಂಡಿ ಅಡುಗೆ ಎರಡನ್ನೂ ಮುಗಿಸಿ, ಮಲಗಿದ್ದವರ ಮೇಲೆ ಹೊದಿಕೆ ಎಳೆದು ನಾನು ಕಂಪನಿ ವ್ಯಾನ್ ಹತ್ತುತ್ತಿದ್ದೆ. ಮಧ್ಯಾಹ್ನ ನಾನು ಬರುವಷ್ಟರಲ್ಲಿ ಅವರು ಬೊಮ್ಮಸಂದ್ರದ ಫ್ಯಾಕ್ಟರಿಗೆ ಹೊರಟುಹೋಗಿರುತ್ತಿದ್ದರು. ರಾತ್ರಿ ಅವರು ಬರುವಾಗ ನನಗೆ ಗಾಢ ನಿದ್ದೆ. ವಾರದ ರಜೆ ಬೇರೆ ನನಗೆ ಭಾನುವಾರ, ಅವರಿಗೆ ಬುಧವಾರ; ಒಬ್ಬರ ರಜೆಯ ದಿನ ಇನ್ನೊಬ್ಬರಿಗೆ ಓವರ್‌ಟೈಮ್. ಯಾವ ಪುಣ್ಯಾತ್ಮ ಹಾಗೆ ಮಾಡಿದ್ದನೋ, ಸಿಕ್ಕಿದ್ದರೆ ಚೆನ್ನಾಗಿ ಬೈಯುತ್ತಿದ್ದೆ.

ಹೊಸದಾಗಿ ಮದುವೆಯಾದವಳು ಗಂಡನಿಗೆ ಏನು ಇಷ್ಟ ಅನ್ನುವುದನ್ನು ಅವರ ಮುಖ ನೋಡಿ ತಿಳಿಯಬೇಕು. ನಾನು ತಿಳಿದುಕೊಳ್ಳುತ್ತಿದ್ದುದು ಪಾತ್ರೆ ನೋಡಿ. ಸಾರು ಉಳಿದಿದ್ದರೆ ಉಪ್ಪು ಜಾಸ್ತಿಯಾಗಿರಬೇಕು, ಪಲ್ಯ ಮುಗಿದಿದ್ದರೆ ರುಚಿಯಾಗಿರಬೇಕು. ಉಪ್ಪಿಟ್ಟು ಮಾಡಿದ ದಿನ ಮಾತ್ರ ಬಾಣಲೆ ಬಳಿದಿಟ್ಟ ಹಾಗೆ ಖಾಲಿ. ಆಹಾ, ನಮ್ಮವರಿಗೆ ಉಪ್ಪಿಟ್ಟು ಅಂದರೆ ಪ್ರಾಣ ಅಂತ ಹಿಗ್ಗಿ, ವಾರದಲ್ಲಿ ನಾಲ್ಕು ದಿನ ಅದನ್ನೇ, ಈರುಳ್ಳಿ ಧಾರಾಳವಾಗಿ ಹಾಕಿ, ಹಿಡಿ ರವೆ ಹೆಚ್ಚಿಗೆ ಸುರಿದು ಮಾಡುತ್ತಿದ್ದೆ.

ಇನ್ನು ನಾಯಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಯಾರೂ ಸಾಕಿದ್ದಲ್ಲ. ಮಧ್ಯಾಹ್ನ ನಾನು ಬೀಗ ತೆಗೆಯುವಾಗ ಮೆಟ್ಟಿಲ ಮೇಲೆ ಕೂತು, ನನ್ನ ಮುಖವನ್ನೇ ನೋಡುತ್ತ, ನಾಲಿಗೆ ಚಾಚಿ ಮೂಗನ್ನು ಆ ಕಡೆ ಈ ಕಡೆ ನೆಕ್ಕಿಕೊಳ್ಳುತ್ತಿತ್ತು. ಅಯ್ಯೋ, ಬೆಳಿಗ್ಗೆಯಿಂದ ನನಗೋಸ್ಕರ ಹಸಿದುಕೊಂಡು ಕೂತಿದೆಯಲ್ಲ ಅಂತ ನನ್ನ ಕರುಳು ಚುರುಕ್ ಅನ್ನುತ್ತಿತ್ತು. ನನ್ನ ತಟ್ಟೆಯ ಅನ್ನದಲ್ಲಿ ಅರ್ಧ ಅದಕ್ಕೆ. ಉಣ್ಣುತ್ತಾ ಫ್ಯಾಕ್ಟರಿಯ ಕಥೆ, ಸೂಪರ್‌ವೈಸರ್ ರೇಗಿದ್ದು, ಗಂಡನ ಮೇಲಿನ ದೂರು ಎಲ್ಲ ಅದರ ಮುಂದೆ. ಆ ಹೊತ್ತಿಗೋಸ್ಕರವೇ ನಾನು ಬೇಗ ಬೇಗ ಮನೆಗೆ ಬರುತ್ತಿದ್ದೆ ಅಂದರೆ ಸುಳ್ಳಲ್ಲ.

ಬೇಸಿಗೆ ಶುರುವಾದ ಮೇಲೆ ಅದರ ಮೂಗು ನೆಕ್ಕುವಿಕೆ ಹೆಚ್ಚಾಯಿತು. ಉಂಡಾದ ಮೇಲೂ ನೆಕ್ಕುತ್ತಿತ್ತು, ಸುಮ್ಮನೆ ಮಲಗಿದ್ದಾಗಲೂ ನೆಕ್ಕುತ್ತಿತ್ತು. ವಠಾರದ ಯಜಮಾನಿ ಅಜ್ಜಿಯನ್ನು ಕೇಳಿದೆ. ಆ ಊರಿನಲ್ಲೇ ಹುಟ್ಟಿ ಬೆಳೆದವರು, ಕೊಟ್ಟಿಗೆ ಇದ್ದ ಜಾಗದಲ್ಲೇ ನಮ್ಮ ರೂಮುಗಳನ್ನು ಕಟ್ಟಿಸಿದವರು. "ಒಟ್ಟೆ ಅಸ್ಕೊಂಡದೆ ಕಣವ್ವ. ಇನ್ನೊಂದ್ ತುತ್ತು ಆಕು," ಅಂದರು. ಪಕ್ಕದ ರೂಮಿನಲ್ಲಿದ್ದ, ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಅಕ್ಕನೂ, "ಹಸದಾಗನ ಹಂಗ ಮೂಗ ನೆಕ್ಕೋದು ತಂಗಿ," ಅಂದಳು. ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ಇನ್ನೇನು, ನಾನು ಇನ್ನೊಂದು ಸೌಟು ಅನ್ನ ಜಾಸ್ತಿ ಬೇಯಿಸಿದೆ.

ಅಷ್ಟರಲ್ಲಿ ಯುಗಾದಿ ಬಂತು. ಹಬ್ಬದ ಮರುದಿನ ಹೊಸತೊಡಕು, ಅಂದರೆ ಬಾಡೂಟ. ಅಜ್ಜಿಯ ಮನೆಯಂಗಳದಲ್ಲಿ ದೊಡ್ಡ ಪಾತ್ರೆಯಲ್ಲಿ ಮಟನ್ ಸಾರು ಕುದಿದು, ವಠಾರದ ಪ್ರತಿ ರೂಮಿಗೂ ಮುದ್ದೆ ಸಾರು ಬಂತು. ನಾನು ಮೂಳೆ, ಕೊಬ್ಬಿನ ತುಂಡುಗಳನ್ನೆಲ್ಲ ಬೇರೆ ತೆಗೆದಿಟ್ಟು ನಾಯಿಗೆ ಹಾಕಿದೆ. ಹಬ್ಬ ಅದಕ್ಕೂ ಹಬ್ಬವೇ ತಾನೇ?

ಮಾರನೆಯ ದಿನ ಮಧ್ಯಾಹ್ನ ಬಂದು ನೋಡಿದರೆ ಮೆಟ್ಟಿಲ ಮೇಲೆ ನಾಯಿ ಇಲ್ಲ. ನೀರಿನ ತೊಟ್ಟಿಯ ನೆರಳಿನಲ್ಲಿ ಮುದುರಿ ಕೂತಿತ್ತು. ಬಿಡದೆ ಮೂಗು ನೆಕ್ಕುತ್ತಿದೆ, ನಾಲಿಗೆ ಒಳಗೆ ಹೋಗುವುದೇ ಇಲ್ಲ. ನಡುನಡುವೆ ಗುಟುಕ್ ಗುಟುಕ್ ಅಂತ ಏನನ್ನೋ ನುಂಗುತ್ತಿದೆ. ಬಾಯಿಯಿಂದ ಜೊಲ್ಲು ನೂಲಿನಂತೆ ನೆಲಕ್ಕೆ ಇಳಿದಿತ್ತು. ಓಡಿಹೋಗಿ ಅನ್ನ ತಂದಿಟ್ಟೆ. ವಾಸನೆ ಬಡಿದದ್ದೇ ಮುಖ ಆ ಕಡೆ ತಿರುಗಿಸಿ, ಬೆನ್ನು ಬಾಗಿಸಿ, ಹಳದಿ ನೀರು ಕಕ್ಕಿತು. ಹಸಿದ ನಾಯಿ ಅನ್ನ ಕಂಡು ಮುಖ ತಿರುಗಿಸುತ್ತದೆಯೇ? ಇದು ಸತ್ತೇ ಹೋಗುತ್ತದೆ ಅನ್ನಿಸಿತು. ಸತ್ತರೆ ನಾಳೆಯಿಂದ ನಾನು ಗೋಡೆ ನೋಡಿಕೊಂಡು ಉಣ್ಣಬೇಕು ಅನ್ನಿಸಿದಾಗ ಅಳು ಒತ್ತರಿಸಿ ಬಂತು.

ಗಂಡನಿಗೆ ಫೋನ್ ಮಾಡಿದೆ. ಆಗಷ್ಟೇ ಬಸ್ ಇಳಿದು ಫ್ಯಾಕ್ಟರಿ ಗೇಟಿನ ಹತ್ತಿರ ಇದ್ದರು.

"ರೀ, ನಾಯಿ ಒಂಥರಾ ಮಾಡ್ತಿದೆ. ವಾಂತಿ ಆಯ್ತು. ಮೂಗು ನೆಕ್ಕೋದು ನಿಲ್ಸ್ತಾನೇ ಇಲ್ಲ..."

"ಬಂದೆ ಇರು," ಅಂದವರೇ ಕಟ್ ಮಾಡಿದರು.

ರಜೆ ಹಾಕಿ ಬಂದೇಬಿಟ್ಟರು! ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನಂಗೆ ಜ್ವರ ಬಂದಾಗ ರಜೆ ಸಿಗ್ಲಿಲ್ಲ, ನಾಯಿಗೆ ಸಿಕ್ತಾ?" ಅಂದೆ. ಅವರು ಹಳೆಯ ಬೆಡ್‌ಶೀಟ್ ತಂದು ನಾಯಿಯನ್ನು ಸುತ್ತಿ ಎತ್ತಿಕೊಂಡರು. ಅದು ಅಷ್ಟು ಸಂಕಟದಲ್ಲೂ ಬಾಲ ಆಡಿಸಿ, ಅವರ ತೋಳಿನ ಮೇಲೆ ತಲೆಯಿಟ್ಟಿತು. ಇವರಿಗೂ ಇದಕ್ಕೂ ಯಾವಾಗಿನಿಂದ ಈ ಸಲಿಗೆ? ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿ ಎದ್ದಿತು. ಆಟೋ ಹತ್ತುವಾಗ ಅಜ್ಜಿಯೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೂತುಬಿಟ್ಟರು.

ಅಜ್ಜಿ ದನದ ಆಸ್ಪತ್ರೆ ಅನ್ನುತ್ತಿದ್ದ ಆ ಜಾಗದಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ನಾಯಿಯ ಬಾಯಿ ತೆರೆದು ಹಲ್ಲು, ವಸಡು ನೋಡಿದರು, ಮೂಗಿನ ಹೊಳ್ಳೆಗಳಿಗೆ ಟಾರ್ಚ್ ಹಾಕಿದರು, ಹೊಟ್ಟೆ ಒತ್ತಿದರು. ನಾಯಿ ಕುಂಯ್ ಅಂದಿತು.

"ಇವತ್ತು ಏನು ತಿಂದಿದೆ?"

"ಏನೂ ಇಲ್ಲ ಮೇಡಂ. ನಾನು ಹಾಕೋದು ಮಧ್ಯಾಹ್ನ ಮಾತ್ರ," ಅಂದೆ.

ಅಜ್ಜಿ ಕೆಮ್ಮಿದರು. "ಒತ್ತಾರೆ ನಾನೊಂದು ಮುದ್ದೆ ಆಕ್ತೀನಿ ಕಣವ್ವ. ನಿನ್ನೆ ಸಾರು ಮಿಕ್ಕಿತ್ತಲ್ಲ, ಅದ್ರಲ್ಲೇ ಕಲ್ಸಿ..."

ಡಾಕ್ಟರಮ್ಮ ನನ್ನ ಗಂಡನ ಕಡೆ ತಿರುಗಿದರು. ಅವರು ನೆಲ ನೋಡುತ್ತ, "ತಿಂಡಿ ನಾನು ಕೊಡ್ತೀನಿ ಮೇಡಂ. ಉಪ್ಪಿಟ್ಟು," ಅಂದರು.

"ಉಪ್ಪಿಟ್ಟಾ?" ಅಂದೆ ನಾನು. "ಎಷ್ಟು?"

"ಅರ್ಧ."

ನಾನು ದಿಟ್ಟಿಸಿದೆ.

"ಮುಕ್ಕಾಲು," ಅಂದರು.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾಗಿ ಗದರಿದರು. "ಈರುಳ್ಳಿ ನಾಯಿಗೆ ವಿಷ ಕಣ್ರೀ. ಅದ್ರ ಮೇಲೆ ಕೊಬ್ಬು ಬೇರೆ. ಹೊಟ್ಟೆ ಕೆಟ್ಟು ತೊಳಸ್ತಾ ಇದೆ ಅದಕ್ಕೆ. ವಾಂತಿ ಬರೋ ಮುಂಚೆ ನಮ್ಗೆ ಬಾಯಲ್ಲಿ ನೀರು ಬರುತ್ತಲ್ಲ, ಹಾಗೆ. ಅದಕ್ಕೇ ನೆಕ್ತಾ ಇತ್ತು, ನೀವು ಹಸಿವು ಅಂತ ಇನ್ನಷ್ಟು ತುಂಬ್ಸಿದ್ರಿ."

"ಹಾಗಾದ್ರೆ ಮೂಗು ನೆಕ್ಕಿದ್ರೇ ರೋಗ ಅಂತಾನಾ ಮೇಡಂ?"

"ಅಲ್ಲಮ್ಮ. ಮೂಗು ಒದ್ದೆ ಇದ್ರೆ ಅದಕ್ಕೆ ವಾಸನೆ ಚೆನ್ನಾಗಿ ಗೊತ್ತಾಗುತ್ತೆ, ಅದಕ್ಕೆ ನೆಕ್ಕುತ್ತೆ. ಊಟದ ವಾಸನೆಗೆ ನೆಕ್ಕುತ್ತೆ, ಉಂಡ ಮೇಲೆ ಒರೆಸ್ಕೊಳ್ಳೋಕೆ ನೆಕ್ಕುತ್ತೆ. ನೀವು ಜಗಳ ಆಡಿದ್ರೆ ಹೆದರ್ಕೊಂಡೂ ಒಂದ್ಸಲ ನೆಕ್ಕುತ್ತೆ. ಅದಕ್ಕೆಲ್ಲ ಚಿಂತೆ ಬೇಡ. ಕಾರಣ ಇಲ್ದೆ ಬಿಡದೆ ನೆಕ್ಕಿದ್ರೆ, ಜೊಲ್ಲು ಸುರಿಸಿದ್ರೆ, ಊಟ ಬೇಡ ಅಂದ್ರೆ, ಮೂಗಲ್ಲಿ ಕೀವೋ ರಕ್ತನೋ ಬಂದ್ರೆ ಕಾಯ್ಬೇಡಿ, ಕರ್ಕೊಂಡು ಬನ್ನಿ."

ಸೂಜಿ ಹಾಕಿ, ನಾಳೆವರೆಗೆ ಏನೂ ಕೊಡಬಾರದು, ನೀರನ್ನು ಸ್ವಲ್ಪ ಸ್ವಲ್ಪವೇ ಇಡಿ, ಆಮೇಲೆ ತೆಳ್ಳಗೆ ಗಂಜಿ ಕೊಡಿ ಅಂದರು. ಉಳಿಯುತ್ತದಾ ಅಂತ ಕೇಳಿದೆ. ಗಂಜಿ ಕುಡಿದರೆ ಭಯವಿಲ್ಲ, ಕುಡಿಯದಿದ್ದರೆ ಮತ್ತೆ ತನ್ನಿ ಅಂದರು.

ವಠಾರಕ್ಕೆ ಬಂದ ಮೇಲೆ ಅಜ್ಜಿ ಮನೆಮನೆಗೂ ಹೋಗಿ ಯಾರೂ ನಾಯಿಗೆ ಏನೂ ಹಾಕಬಾರದು ಅಂತ ಹೇಳಿ ಬಂದರು. ಗಾರೆ ಕೆಲಸದಿಂದ ಆಗಷ್ಟೇ ಬಂದಿದ್ದ ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ನಾ ದಿನಾ ಸಂಜಿಮುಂದ ಎರಡು ರೊಟ್ಟಿ ಹಾಕ್ತಿದ್ನಿ ತಂಗಿ. ನನ್ನ ಬಿಟ್ರ ಅದಕ್ಕ ಯಾರೂ ಇಲ್ಲ ಅಂತ ತಿಳ್ಕೊಂಡಿದ್ನಿ." ನಾವೆಲ್ಲರೂ ತಿಳಿದುಕೊಂಡಿದ್ದು ಅದನ್ನೇ.

ಮರುದಿನ ನಾನೂ ರಜೆ ಹಾಕಿದೆ. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು, ಕಾಲ ಬಳಿ ನಾಯಿ. ಹಗಲು ಬೆಳಕಿನಲ್ಲಿ ಅವರ ಪಕ್ಕ ಹಾಗೆ ಸುಮ್ಮನೆ ಕೂತು ಎಷ್ಟು ಕಾಲವಾಗಿತ್ತೋ. ಮಾತು ಶುರು ಮಾಡಲು ನನಗೆ ಗೊತ್ತಿದ್ದುದು ಒಂದೇ ದಾರಿ, ಜಗಳ.

"ಉಪ್ಪಿಟ್ಟು ಸೇರಲ್ಲ ಅಂತ ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಮ್ಗೆ?"

"ಕತ್ತಲಲ್ಲೇ ಎದ್ದು ಮಾಡಿಟ್ಟು ಹೋಗ್ತೀಯ. ಮಿಕ್ಕಿದ್ರೆ ನಿಂಗೆ ಬೇಜಾರಾಗಲ್ವಾ?"

"ಹಂಗಂತ ನಾಯಿಗೆ ಹಾಕೋದಾ?"

ಬಗ್ಗಿ ನಾಯಿಯ ಮಡಚಿದ ಕಿವಿಯನ್ನು ಸವರಿದರು. ಆಮೇಲೆ, "ಬರೀ ಉಪ್ಪಿಟ್ಟಿನ ಮಾತಲ್ಲ ಕಣೇ. ಒಬ್ನೇ ಕೂತ್ರೆ ಗಂಟಲಲ್ಲಿ ಇಳೀತಿರ್ಲಿಲ್ಲ. ಅದು ಬಂದು ಎದುರಿಗೆ ಕೂರ್ತಿತ್ತು. ಏನೋ ಮಾತಾಡ್ಕೊಂಡು ತಿಂತಿದ್ವಿ," ಅಂದರು.

"ಏನ್ ಮಾತು?"

"ಏನಿರುತ್ತೆ? ನಿನ್ ಮೇಲೆ ದೂರು."

ನಗಬೇಕು ಅಂದುಕೊಂಡೆ, ಅಳು ಬಂತು. ಒಂದೇ ಮನೆಯ ಇಬ್ಬರು ಮನುಷ್ಯರು ಒಂದು ಬಡಪಾಯಿ ಪ್ರಾಣಿಯನ್ನು ಎದುರಿಗೆ ಕೂರಿಸಿಕೊಂಡು ಒಬ್ಬರ ಬಗ್ಗೆ ಒಬ್ಬರು ಹೇಳಿಕೊಂಡು ಉಂಡಿದ್ದೆವು. ಅದು ನಮ್ಮಿಬ್ಬರ ಪಾಲಿನದನ್ನೂ ತಿಂದು ಹೊಟ್ಟೆ ಕೆಡಿಸಿಕೊಂಡಿತ್ತು. ಇಷ್ಟು ದಿನ ನಾನು ಕೊರಗಿದ್ದು ನಾಯಿಗಾಗಿ ಅಲ್ಲ, ಇವರಿಗಾಗಿ ಅಂತ ಆಗ ಗೊತ್ತಾಯಿತು. "ನಾನೂ ಅದ್ರ ಹತ್ರ ನಿಮ್ ಮೇಲೆ ದೂರು ಹೇಳ್ತಿದ್ದೆ," ಅಂದೆ. "ಗೊತ್ತು ಬಿಡು, ಅದೇ ಹೇಳ್ತು," ಅಂದರು.

ಗಂಜಿ ಅವರೇ ಮಾಡಿದರು. ತಟ್ಟೆ ಕೆಳಗಿಟ್ಟದ್ದೇ ನಾಯಿ ತಲೆಯೆತ್ತಿ ಮೂಗು ನೆಕ್ಕಿತು. "ರೀ, ಮತ್ತೆ ನೆಕ್ತು!" ಅಂತ ಅವರ ತೋಳು ಹಿಡಿದೆ. "ತಡಿಯೇ, ನೋಡೋಣ," ಅಂದರು. ಜೊಲ್ಲು ಇರಲಿಲ್ಲ, ಗುಟುಕರಿಸಲೂ ಇಲ್ಲ. ಮೂಗು ಮುಂದೆ ಚಾಚಿ, ಗಾಳಿಯನ್ನು ಮೂಸಿ, ಇನ್ನೊಮ್ಮೆ ನೆಕ್ಕಿ, ಎದ್ದು ಬಂದು ಪಚಪಚ ಅಂತ ಕುಡಿಯಿತು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಅಜ್ಜಿ ಒಳಗಿನಿಂದಲೇ ಯಾವುದೋ ದೇವರಿಗೆ ಕೈಮುಗಿದರು. ಮಿಕ್ಕ ಗಂಜಿಗೆ ಉಪ್ಪು ಹಾಕಿಕೊಂಡು ನಾವಿಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕುಡಿದೆವು.

ಶಿಫ್ಟ್ ಬದಲಾಗಲು ಆಮೇಲೂ ಬಹಳ ಕಾಲ ಹಿಡಿಯಿತು. ಆದರೆ ಅವರು ಬೆಳಗಿನ ಜಾವ ನನ್ನ ಜೊತೆಗೇ ಏಳತೊಡಗಿದರು. ನಾನು ರೊಟ್ಟಿ ತಟ್ಟುವುದು, ಅವರು ಚಟ್ನಿಗೆ ಕಾಯಿ ತುರಿಯುವುದು, ಇಬ್ಬರೂ ಕೂತು ತಿನ್ನುವುದು, ನಾನು ವ್ಯಾನ್ ಹತ್ತಿದ ಮೇಲೆ ಅವರು ಮತ್ತೆ ಮಲಗುವುದು. ರಾತ್ರಿ ತಡವಾಗಿ ದುಡಿದು ಬಂದವರಿಗೆ ಇದೇನು ಹುಚ್ಚು, ಮಲ್ಕೊಳ್ಳಿ ಅಂತ ನಾನು ದಿನಾ ಜೋರಾಗಿ ಬೈಯುತ್ತಿದ್ದೆ. ಬಾಗಿಲ ಹೊರಗೆ ಮಲಗಿರುತ್ತಿದ್ದ ನಾಯಿ ನನ್ನ ದನಿಗೆ ತಲೆಯೆತ್ತಿ ಒಂದು ಸಲ ಮೂಗು ನೆಕ್ಕುತ್ತಿತ್ತು. "ನೋಡು, ಜಗಳ ಅಂದ್ಕೊಂಡು ಹೆದರ್ಕೊಳ್ತು," ಅನ್ನುತ್ತಿದ್ದರು ಅವರು, ಆಗ ನಾನು ದನಿ ತಗ್ಗಿಸಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ.