ಕೈ ಜೇಬಲ್ಲೇ ಇರ್ಲಿ

ನನ್ನ ಅಕ್ಕನ ಗಂಡನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಕಾಫಿ ಬರುವಷ್ಟರಲ್ಲಿ ಅವರ ಕುರ್ಚಿಯ ಸಡಿಲ ಕಾಲು ಬಿಗಿಯಾಗಿರುತ್ತಿತ್ತು, ಕಿರುಗುಟ್ಟುವ ಬಾಗಿಲು ಬಾಯಿ ಮುಚ್ಚಿರುತ್ತಿತ್ತು. “ನೆಂಟ್ರು ಅಂತ ಹೋದ್ರೆ ರಿಪೇರಿಯವ್ರು ಬಂದ್ರು ಅಂದ್ಕೋತಾರೆ ರೀ” ಎಂದು ಅಕ್ಕ ಗೊಣಗುತ್ತಿದ್ದಳು. ರಟ್ಟಿನ ಪೆಟ್ಟಿಗೆ ಮಾಡುವ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಭಾವ ಫಿಟ್ಟರ್. ಅಲ್ಲಿ ಅವರನ್ನು ಎಲ್ಲರೂ ಕರೆಯುವುದು ‘ಕೈಗುಣ’ ಎಂದೇ. ಮೊಂಡು ಹಿಡಿದ ಯಂತ್ರವೂ ಅವರು ಮುಟ್ಟಿದರೆ ಓಡುತ್ತದಂತೆ. ಮಾತು ಮಾತ್ರ ಅವರಿಗೆ ಆಗಿಬರುವುದಿಲ್ಲ.

ಅಂಥವರನ್ನು ಕಂಪನಿ ಹೊರದೇಶಕ್ಕೆ ಕಳಿಸಲು ಹೊರಟಿತು. ಅಲ್ಲಿಗೆ ಮಾರಿದ ಯಂತ್ರವನ್ನು ಶುರು ಮಾಡಿಸಬೇಕಿತ್ತು. ಕೆಲಸದ ವೀಸಾ ಸಿಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟು ಕಾಯಲು ಕೊಂಡವರು ತಯಾರಿಲ್ಲ. ಹಾಗಾಗಿ ಅಲ್ಪಾವಧಿಯ ವ್ಯಾಪಾರ ವೀಸಾ ಮಾಡಿಸಿದರು. ಅದರಲ್ಲಿ ಹೋದವರು ಮೀಟಿಂಗಿನಲ್ಲಿ ಕೂರಬಹುದು, ನೋಡಬಹುದು, ಹೇಳಿಕೊಡಬಹುದು. ಕೈಯಾರೆ ಕೆಲಸ ಮಾಡುವಂತಿಲ್ಲ. ಹಿಂದೆ ಹೋಗಿದ್ದ ಫಿಟ್ಟರ್ ಒಬ್ಬ ಸ್ಪ್ಯಾನರ್ ಹಿಡಿದಾಗಲೇ ತಪಾಸಣೆಯವರ ಕಣ್ಣಿಗೆ ಬಿದ್ದು ವಾಪಸ್ ವಿಮಾನ ಹತ್ತಿದ್ದ. ಬಂದ ಮೇಲೆ ಕಂಪನಿಯೂ ಅವನನ್ನು ಮನೆಗೆ ಕಳಿಸಿತ್ತು.

ಮ್ಯಾನೇಜರ್ ಭಾವನನ್ನು ಕರೆದು ಹೇಳಿದರಂತೆ: “ನೋಡಪ್ಪಾ, ಬಾಯಲ್ಲಿ ಹೇಳು, ದೂರದಿಂದ ತೋರ್ಸು. ಮುಟ್ಟಿದ್ಯೋ, ನಿನ್ನ ಕೆಲ್ಸಾನೂ ಹೋಯ್ತು, ನಮ್ಮ ವ್ಯಾಪಾರಾನೂ ಹೋಯ್ತು. ಕೈ ಜೇಬಲ್ಲೇ ಇರ್ಲಿ.”

ಸರಿ, ಮನೆಯಲ್ಲಿ ತಾಲೀಮು ಶುರುವಾಯಿತು. ಭಾವ ಮಿಕ್ಸಿಯ ಕಡೆ, ತೊಟ್ಟಿಕ್ಕುವ ನಲ್ಲಿಯ ಕಡೆ ಕೈ ಚಾಚಿದರೆ ಸಾಕು, ನಾನು, ಅಕ್ಕ, ಅಕ್ಕನ ಮಗಳು ಒಟ್ಟಿಗೆ “ವೀಸಾ!” ಎಂದು ಕೂಗುತ್ತಿದ್ದೆವು. ಅವರು ತಟ್ಟನೆ ಕೈಯನ್ನು ಜೇಬಿಗೆ ತುರುಕಿಕೊಳ್ಳಬೇಕು. “ಊಟಕ್ಕಾದ್ರೂ ವೀಸಾ ಕೊಡ್ರೇ” ಎಂದು ತಟ್ಟೆಯ ಮುಂದೆ ಗೋಗರೆಯುತ್ತಿದ್ದರು. ನಮಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಹೊರಡುವ ಹೊತ್ತಿಗೆ ಅವರು ಎಷ್ಟು ಪಳಗಿದ್ದರೆಂದರೆ, ಮೇಜಿನ ಮೇಲಿಂದ ಗಾಜಿನ ಲೋಟ ಉರುಳುವುದನ್ನು ನೋಡುತ್ತ ನಿಂತರೇ ಹೊರತು ಹಿಡಿಯಲಿಲ್ಲ. “ಪಾಸಾದ್ರಿ!” ಎಂದು ಅಕ್ಕ ಚಪ್ಪಾಳೆ ತಟ್ಟಿದಳು.

ಅಲ್ಲಿ ಆ ಯಂತ್ರ ನಡೆಸುತ್ತಿದ್ದುದು ಒಬ್ಬ ನಡುವಯಸ್ಸಿನ ಹೆಂಗಸು. ಇವರ ಮಾತು ಆಕೆಗೆ ತಿಳಿಯದು, ಆಕೆಯದು ಇವರಿಗೆ ತಿಳಿಯದು. ನಡುವೆ ಒಬ್ಬ ದುಭಾಷಿ. ಸದಾ ಜೇಬಿನಲ್ಲೇ ಇರುವ ಭಾವನ ಕೈ ನೋಡಿ, ಪಾಪ, ಚಳಿ ತಡೆಯುತ್ತಿಲ್ಲ ಅಂದುಕೊಂಡಳೋ ಏನೋ, ಮನೆಯಿಂದ ಉಣ್ಣೆಯ ಕೈಗವಸುಗಳನ್ನು ತಂದುಕೊಟ್ಟಳು. ಭಾವ ಅವನ್ನೂ ಜೇಬಿಗೇ ಹಾಕಿಕೊಂಡರು.

ಮುಂದಿನದನ್ನು ಅವರು ನಮಗೆ ಹೇಳಿದ್ದು ಒಂದೇ ಸಲ.

“ಉರುಳೆ ಮಧ್ಯೆ ರಟ್ಟು ಸಿಕ್ಕಾಕ್ಕೊಂಡ್ತು. ಮಿಷನ್ ನಿಲ್ಲಿಸ್ದೇನೇ ಎಳೆಯೋಕೆ ಕೈ ಹಾಕಿದ್ಲು. ದುಭಾಷಿ ಬಾಗ್ಲ ಹತ್ರ ಫೋನಲ್ಲಿದ್ದ. ‘ಕೈ ತೆಗಿಯಮ್ಮಾ’ ಅಂತ ಕೂಗ್ದೆ. ಅವ್ಳಿಗೇನು ಅರ್ಥವಾಗತ್ತೆ? ನಿಲ್ಲಿಸೋ ಕೆಂಪು ಗುಂಡಿ ನನ್ನ ಪಕ್ಕದಲ್ಲೇ ಇತ್ತು ಕಣೇ. ಕೈ ಹೊರಟಿತ್ತು. ಅಷ್ಟರಲ್ಲಿ ಕಿವೀಲಿ ‘ವೀಸಾ!’ ಅಂದ ಹಾಗಾಯ್ತು. ಕೈ ಜೇಬಲ್ಲೇ ನಿಂತುಬಿಡ್ತು. ಆಮೇಲೆ ಒತ್ತಿದೆ. ಆಮೇಲೆ ಒತ್ತಿ ಏನು ಬಂತು?”

ಆಕೆಯ ಬಲಗೈ ಬೆರಳುಗಳು ಉಳಿಯಲಿಲ್ಲ. ಯಂತ್ರ ನಿಲ್ಲಿಸಿ ಒಬ್ಬರ ಕೈ ಉಳಿಸುವುದನ್ನು ಯಾವ ದೇಶದ ಕಾನೂನು ಕೆಲಸ ಅನ್ನುತ್ತದೆ? ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದು ಕೆಲಸವಲ್ಲ ಅಂತ ಭಾವನಿಗೂ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ, ಅಷ್ಟೆ.

ವಿಚಾರಣೆಯವರು ಬಂದರು, ಕ್ಯಾಮೆರಾ ನೋಡಿದರು. ಭಾವನ ಮೇಲೆ ಒಂದು ಮಾತೂ ಬರಲಿಲ್ಲ. ಊರಿಗೆ ಬಂದಾಗ ಮ್ಯಾನೇಜರ್ ಬೆನ್ನು ತಟ್ಟಿದರು: “ಭೇಷ್! ಹೇಳಿದ ಹಾಗೇ ನಡ್ಕೊಂಡೆ.” ಭಾವ ಅಂದು ಊಟ ಮಾಡಲಿಲ್ಲ.

ಈಗ ನಮ್ಮ ನಲ್ಲಿ ತೊಟ್ಟಿಕ್ಕುತ್ತಲೇ ಇದೆ. ಯಾರೂ ಅವರಿಗೆ ಹೇಳುವುದಿಲ್ಲ. ಆ ಒಂದು ಪದವನ್ನಂತೂ ಯಾರೂ ಬಾಯಿಗೆ ತರುವುದಿಲ್ಲ.

ಹೀಗಿರುವಾಗ ಹೊರದೇಶದ ಅದೇ ಕಾರ್ಖಾನೆಗೆ ಇನ್ನೊಂದು ಯಂತ್ರ ಹೋಯಿತು. “ನಿನ್ನ ಹೆಸ್ರಲ್ಲಿ ಕಪ್ಪುಚುಕ್ಕೆ ಇಲ್ಲ, ವೀಸಾ ಸಲೀಸಾಗಿ ಸಿಗತ್ತೆ, ನೀನೇ ಹೋಗು” ಎಂದರು ಮ್ಯಾನೇಜರ್. ಭಾವ ಆಗುವುದಿಲ್ಲ ಎಂದರು. “ಹಾಗಾದ್ರೆ ಬೇರೆ ಕಡೆ ಕೆಲ್ಸ ನೋಡ್ಕೋ” ಎಂಬ ಉತ್ತರ ಬಂತು. ಮಗಳ ಓದು ಇನ್ನೂ ಮುಗಿದಿಲ್ಲ, ಇವರ ವಯಸ್ಸಿಗೆ ಬೇರೆ ಕಡೆ ಯಾರು ಕರೆಯುತ್ತಾರೆ? ನುಂಗುವಂತಿಲ್ಲ, ಉಗುಳುವಂತಿಲ್ಲ.

ಕೊನೆಗೆ ಅಕ್ಕನೇ ಒಂದು ದಾರಿ ಹುಡುಕಿದಳು. “ಕಚೇರೀಲಿ ಕೇಳ್ದಾಗ, ಹೋದ ಸಲ ಅಲ್ಲಿ ಕೈಯಾರೆ ಕೆಲ್ಸ ಮಾಡಿದ್ದೆ ಅಂತ ಹೇಳಿಬಿಡಿ. ಅವ್ರೇ ಬೇಡ ಅಂತಾರೆ. ಮ್ಯಾನೇಜರ್ ಏನು ಮಾಡೋಕಾಗತ್ತೆ? ಅಷ್ಟಾಗಿಯೂ ಕೆಲ್ಸ ಹೋದ್ರೆ ಹೋಗ್ಲಿ, ನಿಮ್ಮನ್ನ ಹೀಗೆ ನೋಡೋಕಾಗಲ್ಲ.” ಭಾವ ತಲೆಯಾಡಿಸಿದರು. ವೀಸಾ ಕಚೇರಿಗೆ ನಾನೇ ಜೊತೆಗೆ ಹೋದೆ, ಹೊರಗಿನ ಬೆಂಚಿನ ಮೇಲೆ ಕಾದೆ.

ಹೊರಗೆ ಬಂದವರ ಮುಖ ನೋಡಿ ಎದ್ದು ನಿಂತೆ. “ಕೇಳಲಿಲ್ವಾ ಭಾವ?”

“ಕೇಳಿದ್ರು. ಹೋದ ಸಲ ಅಲ್ಲಿ ಕೈಯಾರೆ ಏನಾದ್ರೂ ಮಾಡಿದ್ರಾ ಅಂತ.”

“ಮತ್ತೆ?”

ಅವರು ಜೇಬಿನಿಂದ ಕೈ ತೆಗೆಯಲಿಲ್ಲ. ಆ ಉಣ್ಣೆಯ ಕೈಗವಸುಗಳು ಅಲ್ಲೇ ಉಬ್ಬಿಕೊಂಡಿದ್ದವು.

“ಸುಳ್ಳು ಹೇಳೋಕೆ ಬಾಯೇ ಬರ್ಲಿಲ್ಲಮ್ಮ. ಏನೂ ಮಾಡ್ಲಿಲ್ಲ ಸಾರ್ ಅಂದೆ. ಕೊಟ್ಬಿಟ್ರು.”