ಬಾವಿಕಟ್ಟಿ ಎತ್ತರಿಸಿದ ವರ್ಷ

ಗೋರೆಗಾಂವ್‌ನ ನಮ್ಮ ಚಾಳಿನ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ ಅಂತ ಕಾಲೇಜಿನ ಒಬ್ಬರು ಸರ್ ವರ್ಷಗಟ್ಟಲೆ ಅಳೆದಿದ್ದರು. ಕಟ್ಟಿ ಮೇಲಿಂದ ಟೇಪು ಇಳಿಬಿಟ್ಟು ಅಳೆಯೋದು. ಅವರು ತೀರಿಕೊಂಡ ಮೇಲೆ ಆ ಕೆಲಸ ಕಾಲೇಜಿನಿಂದ ನನ್ನ ಮೊಮ್ಮಗಳಿಗೇ ಬಂತು. ಮುಂದೆ ಯಾರಿಗಾದರೂ ಬೇಕಾದೀತು ಅಂತ ಎಲ್ಲ ಅಳತೆಗಳನ್ನೂ ಕಂಪ್ಯೂಟರಿಗೆ ಏರಿಸಬೇಕಿತ್ತು. ಏರಿಸುವ ದಿನ ಅವಳಿಗೆ ಒಂದು ತೊಡಕು ಕಂಡಿತು. ನಡುವೆ ಯಾವಾಗಲೋ ಕಟ್ಟಿ ಎತ್ತರಿಸಿದ್ದರು. ಅದು ತಿಳಿಯದಿದ್ದರೆ, ಅಳತೆ ಹೆಚ್ಚಾದ್ದು ನೋಡಿ ನೀರೇ ಕೆಳಗಿಳಿದ ಹಾಗೆ ಕಾಣುತ್ತದೆ.

"ಅಜ್ಜಿ, ಕಟ್ಟಿ ಕಬ್ ಎತ್ತರ ಮಾಡಿದ್ರು? ಬೋಲೋ ನಾ."

"ನಿಮ್ಮಜ್ಜ ಇದ್ದಾಗೋ, ಸತ್ತ ಮ್ಯಾಲೋ, ನೆನಪಿಲ್ಲ."

"ಅಂದಾಜು ಹೇಳು, ಚಲೇಗಾ."

ಬಾಯಿಗೆ ಬಂದ ವರ್ಷ ಹೇಳಿದರೆ ನಾನು ಸತ್ತ ಮೇಲೂ ಅದು ಕಂಪ್ಯೂಟರಿನಲ್ಲೇ ಕೂತಿರುತ್ತದೆ, ಓದಿದವರು ಖರೇ ಅಂತಾರೆ.

"ನಿನಗ ಚಲೇಗಾ, ಬಾವಿಗೆ ನಡಿಯೂದಿಲ್ಲ. ಕಟ್ಟಿ ಎತ್ತರಿಸ್ಯಾರ, ಯಾವಾಗಂತ ಗೊತ್ತಿಲ್ಲ ಅಂತ ಬರಿ."

"ಕಾಲೇಜಿನ ಗೈಡ್ ಬೈತಾರೆ, ಅಜ್ಜಿ."

"ಬೈಲಿ. ಬೈಗುಳಕ್ಕ ಯಾರೂ ಸತ್ತಿಲ್ಲ."

ಹಾಗೇ ಬರೆದಳು. ಕಳಿಸಿಯೂ ಬಿಟ್ಟಳು. ಈಗಲೂ ಚಾಳಿನ ಹಳೆ ಮುದುಕಿಯರು ಸಿಕ್ಕರೆ ಕಟ್ಟಿ ಎತ್ತರಿಸಿದ ವರ್ಷ ಯಾವುದು ಅಂತ ಕೇಳುತ್ತೇನೆ. ಒಬ್ಬೊಬ್ಬಳು ಒಂದೊಂದು ಹೇಳುತ್ತಾಳೆ.